ಬೆನ್ನುಹುರಿಗೆ ಏಟಾದವರು ಮನೆಗೆ ಬಂದ್ಮೇಲೆ: ಯಾವ್ದು ಮೊದ್ಲು, ಯಾವ್ದು ಆಮೇಲೆ

ಮಲೆನಾಡಲ್ಲಿ ಕೊನೆ ಕೊಯ್ಲು ಶುರುವಾದ್ರೆ ಅಡಿಕೆ ಮರದಿಂದ ಬಿದ್ದೋರ ಸುದ್ದಿನೂ ಶುರುವಾಗತ್ತೆ, ಬೇರೆ ಕಡೆ ಆದ್ರೆ ತೆಂಗಿನ ಮರ, ಬೈಕು, ಕಟ್ಟಡದ ಸಾರುವೆ. ಆಪರೇಷನ್ ಮಾಡಿ ರಾಡ್ ಹಾಕ್ತಾರೆ, ಡಿಸ್ಚಾರ್ಜ್ ಮಾಡ್ತಾರೆ, ಮನೆಗೆ ಬಂದ್ಮೇಲೆ ಎಲ್ರದ್ದೂ ಒಂದೇ ಪ್ರಶ್ನೆ, ಯಾವಾಗ ನಡೀತಾನೆ? ಎಣ್ಣೆ ತಿಕ್ಕೋರು, ನಾಟಿ ಔಷಧಿ, ಹರಕೆ ಅಂತ ವರ್ಷ ಕಳೆಯತ್ತೆ, ಅಷ್ಟರಲ್ಲಿ ಸೊಂಟದ ಹತ್ರ ಹುಣ್ಣು, ಮೇಲಿಂದ ಮೇಲೆ ಯೂರಿನ್ ಇನ್‌ಫೆಕ್ಷನ್. ಫಿಸಿಯೋಥೆರಪಿ ಖಂಡಿತ ಮಾಡ್ಸಿ, ಆದ್ರೆ ಕಾಲು ಬರ್ಲಿ ಆಮೇಲೆ ನೋಡೋಣ ಅಂತ ಉಳಿದಿದ್ದನ್ನೆಲ್ಲ ಮುಂದಕ್ಕೆ ಹಾಕ್ಬೇಡಿ. ಕೈಯಲ್ಲಿ ಶಕ್ತಿ ಇದ್ರೆ ಅವರ ಕೆಲಸ ಒಂದೊಂದಾಗಿ ಅವರ ಕೈಗೇ ಕೊಡ್ತಾ ಬನ್ನಿ. ಕತ್ತಿನ ಹತ್ರ ಏಟಾಗಿ ಕೈಯೂ ಆಡದೇ ಇದ್ರೆ, ಯಾವ್ದನ್ನ ಯಾವಾಗ ಹೇಗೆ ಮಾಡ್ಬೇಕು ಅಂತ ಹೇಳಿ ಮಾಡಿಸೋ ಯಜಮಾನಿಕೆ ಆದ್ರೂ ಅವರದ್ದೇ ಇರ್ಲಿ.

ಮೊದ್ಲು ಚರ್ಮ

ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗಲ್ಲ ಅಂದ್ಮೇಲೆ ಒಂದೇ ಮಗ್ಗುಲಲ್ಲಿ ಮಲಗಿ ಚರ್ಮ ಕೊಳೀತಿದ್ರೂ ಗೊತ್ತಾಗಲ್ಲ. ಮಲಗಿದ್ದಾಗ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಿಸ್ಬೇಕು, ರಾತ್ರಿನೂ ಸೇರಿ, ಮೊಬೈಲಲ್ಲಿ ಅಲಾರಂ ಇಟ್ಕೊಳ್ಳಿ. ಕೂತಾಗ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಕುಂಡಿ ಮೇಲಿನ ಭಾರ ಇಳಿಸ್ಬೇಕು. ಎರಡೂ ಕೈ ಊರಿ ಮೈ ಎತ್ತೋದನ್ನ ಎಲ್ರೂ ಹೇಳ್ಕೊಡ್ತಾರೆ, ಆದ್ರೆ ಅದನ್ನ ತುಂಬಾ ಹೊತ್ತು ಹಿಡಿಯೋಕಾಗಲ್ಲ, ಭುಜನೂ ನೋಯತ್ತೆ, ಅದ್ರ ಬದ್ಲು ಎದುರಿಗೆ ಟೇಬಲ್ ಇಟ್ಕೊಂಡು ಎದೆ ತೊಡೆ ಕಡೆಗೆ ಬರೋ ಹಾಗೆ ಮುಂದೆ ಬಗ್ಗಿ ಒಂದೆರಡು ನಿಮಿಷ ಇರೋದು ಸುಲಭ.

ಬೆಳಿಗ್ಗೆ ಸಂಜೆ ಒಂದು ಕೈಗನ್ನಡಿ ತಗೊಂಡು ಕುಂಡಿ, ಬೆನ್ನಿನ ಕೆಳಭಾಗ, ಹಿಮ್ಮಡಿ, ಕಾಲ್ಗಂಟು ನೋಡ್ಕೋಬೇಕು. ನೋಡೋದು ಹೆಂಡ್ತಿನೋ ಅಮ್ಮನೋ ಅಲ್ಲ, ಆದಷ್ಟು ಅವ್ರೇ. ಕೆಂಪಾಗಿರೋ ಜಾಗ ಅರ್ಧ ಗಂಟೆ ಆದ್ರೂ ಮೊದ್ಲಿನ ಬಣ್ಣಕ್ಕೆ ಬರ್ಲಿಲ್ಲ ಅಂದ್ರೆ ಆ ಜಾಗದ ಮೇಲೆ ಭಾರ ಬಿಡೋದೇ ಬೇಡ, ಕಪ್ಪು ಮೈಬಣ್ಣದೋರಿಗೆ ಕೆಂಪು ಕಾಣಲ್ಲ, ಮುಟ್ಟಿ ನೋಡಿ, ಬಿಸಿನೋ ಗಟ್ಟಿನೋ ಇರತ್ತೆ. ಮಧ್ಯೆ ತೂತಿರೋ ಗಾಳಿ ರಿಂಗ್ ಮೇಲೆ ಕೂರಿಸ್ಬೇಡಿ, ಸುತ್ತಲಿನ ರಕ್ತ ಓಡಾಟಕ್ಕೇ ತೊಂದ್ರೆ. ಇನ್ನೊಂದು, ಹಂಡೆ ನೀರು. ಸ್ನಾನದ ನೀರಿಗೆ ಕೈ ಹಾಕಿ ನೋಡ್ದೇ ಕಾಲಿಗೆ ಹುಯ್ಕೊಂಡ್ರೆ ಸುಟ್ಟಿದ್ದು ಗೊತ್ತಾಗೋದು ಬೊಬ್ಬೆ ಎದ್ದಾಗ್ಲೇ. ತೊಡೆ ಮೇಲೆ ಬಿಸಿ ತಟ್ಟೆ ಇಟ್ಕೊಳ್ಳೋದೂ ಅಷ್ಟೇ.

ಆಮೇಲೆ ಮೂತ್ರ, ಮಲ

ಯಾರೂ ಬಾಯಿಬಿಟ್ಟು ಮಾತಾಡಲ್ಲ, ಮನೆಯಿಂದ ಹೊರಗೆ ಹೋಗೋದು ನಿಲ್ಲೋದು ಮಾತ್ರ ಇದ್ರಿಂದ್ಲೇ. ಸದಾ ಬ್ಯಾಗ್ ನೇತಾಡ್ತಿರೋ ಕ್ಯಾತಿಟರ್ (ಮೂತ್ರ ಹೊರಗೆ ತೆಗೆಯೋ ಪೈಪ್) ಬದ್ಲು, ಹೊತ್ತಿಗೆ ಸರಿಯಾಗಿ ತಾವೇ ತೆಳು ಕ್ಯಾತಿಟರ್ ಹಾಕಿ ಮೂತ್ರ ಖಾಲಿ ಮಾಡಿ ತೆಗೆಯೋ ಪದ್ಧತಿ ಇದೆ, ನಿಮಗೆ ಹೊಂದತ್ತಾ ಅಂತ ಡಾಕ್ಟರ್ ಹತ್ರ ಕೇಳಿ, ನರ್ಸ್ ಹತ್ರ ಕೂತು ಕಲೀರಿ. ಸಾಮಾನ್ಯವಾಗಿ 4ರಿಂದ 6 ಗಂಟೆಗೊಂದ್ಸಲ, ಒಂದ್ಸಲಕ್ಕೆ 400-500 ಎಂಎಲ್ ದಾಟಬಾರ್ದು, ದಾಟ್ತಿದ್ರೆ ಗ್ಯಾಪ್ ಕಡಿಮೆ ಮಾಡಿ. ಮೊದಮೊದ್ಲು ಅಳತೆ ಜಗ್ ಇಟ್ಕೊಂಡು ಪುಸ್ತಕದಲ್ಲಿ ಬರೀರಿ. ಪ್ರತಿ ಸಲ ಹೊಸ ಕ್ಯಾತಿಟರ್ ಒಳ್ಳೇದೇ, ಆದ್ರೆ ಎಲ್ರಿಗೂ ಆ ಖರ್ಚು ಸಾಧ್ಯ ಇಲ್ಲ, ಅದಕ್ಕೇ ನಮ್ಮಲ್ಲಿ ಸೋಪು ನೀರಲ್ಲಿ ಒಳಗೆ ಹೊರಗೆ ತೊಳೆದು ಒಣಗಿಸಿ ಮತ್ತೆ ಬಳಸೋದು ರೂಢಿ, ಎಷ್ಟು ದಿನ ಅಂತ ಡಾಕ್ಟರನ್ನ ಕೇಳ್ಕೊಳ್ಳಿ. ಕೈ ತೊಳೆಯೋದ್ರಲ್ಲಿ ಮಾತ್ರ ರಾಜಿ ಬೇಡ. ಮೂತ್ರ ಬರತ್ತೆ ಅಂತ ನೀರು ಕುಡಿಯೋದೇ ಬಿಡೋದು ದೊಡ್ಡ ತಪ್ಪು.

ಮಲಕ್ಕೆ ದಿನಾ ಒಂದೇ ಟೈಮ್. ತಿಂಡಿನೋ ಬಿಸಿ ಕಾಫಿನೋ ಆಗಿ ಅರ್ಧ ಗಂಟೆ ಒಳಗೆ ಕೂತ್ರೆ ಕರುಳು ತಾನೇ ಕೆಲಸ ಮಾಡೋಕೆ ನೋಡತ್ತೆ.

ಎದೆ ಮಟ್ಟದಿಂದ ಮೇಲೆ ಏಟಾದೋರಿಗೆ ಇದ್ದಕ್ಕಿದ್ದ ಹಾಗೆ ತಲೆ ಸಿಡಿಯೋ ನೋವು, ಮುಖ ಕೆಂಪು, ಬೆವರು ಬಂದ್ರೆ ಅದು ಎಮರ್ಜೆನ್ಸಿ, ಬಿಪಿ ಏರಿರತ್ತೆ. ತಕ್ಷಣ ನೇರ ಕೂರ್ಸಿ, ಬಟ್ಟೆ ಸಡಿಲ ಮಾಡಿ, ಮೂತ್ರ ಕಟ್ಟಿದ್ಯಾ, ಪೈಪ್ ಮಡಚಿದ್ಯಾ ನೋಡಿ. ಇಳೀಲಿಲ್ಲ ಅಂದ್ರೆ ಆಸ್ಪತ್ರೆಗೆ ಓಡಿ.

ವೀಲ್‌ಚೇರ್ ಅಳತೆ

ದಾನಿಗಳು ಕೊಡೋದು ಹೆಚ್ಚಾಗಿ ಆಸ್ಪತ್ರೆ ಕಾರಿಡಾರಿನ ಚೇರು, ಎಲ್ರಿಗೂ ಒಂದೇ ಸೈಜು, ಹಿಂದಿನಿಂದ ಯಾರಾದ್ರೂ ತಳ್ಳೋಕೇ ಮಾಡಿದ್ದು. ಸೀಟಿನ ಅಗಲ ಸೊಂಟದಷ್ಟೇ ಇರ್ಲಿ, ಕೂತಾಗ ಮಂಡಿ ಹಿಂಭಾಗಕ್ಕೂ ಸೀಟಿನ ಅಂಚಿಗೂ ಎರಡು ಬೆರಳಿನ ಗ್ಯಾಪ್ ಇರ್ಲಿ, ಜೊತೆಗೆ ಒಳ್ಳೆ ಕುಶನ್, ಕುಶನ್ ಇಲ್ದೇ ಚೇರ್ ತಗೊಳ್ಳೋದೇ ಬೇಡ. ಮಣ್ಣಿನ ದಾರಿಗೆ ಮುಂದಿನ ಚಕ್ರ ದೊಡ್ಡದಾಗಿ ಸ್ವಲ್ಪ ಮುಂದಕ್ಕೆ ಇರೋದು ವಾಸಿ, ಸಣ್ಣ ಚಕ್ರ ಹೂತು ಮುಗ್ಗರಿಸತ್ತೆ. ಬಡ ದೇಶಗಳ ರಸ್ತೆಗೆ ಯಾವ ಚೇರ್ ಬೇಕು, ಹೇಗೆ ಅಳತೆ ಮಾಡಿ ಕೊಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2008ರಲ್ಲೇ ಮಾರ್ಗಸೂಚಿ ತಂದಿದೆ, ನಮ್ಮ ವಿತರಣಾ ಸಮಾರಂಭಗಳಲ್ಲಿ ಮಾತ್ರ ಅಳತೆಗಿಂತ ಫೋಟೋಗೇ ಟೈಮ್ ಜಾಸ್ತಿ.

ಮನೆ

ಇಳಿಜಾರಿಗೆ ಲೆಕ್ಕ ಒಂದಕ್ಕೆ ಹನ್ನೆರಡು. ಒಂದೂವರೆ ಅಡಿ ಜಗಲಿಗೆ 18 ಅಡಿ ಉದ್ದದ ರ‍್ಯಾಂಪ್ ಬೇಕು, ಜಾಗ ಇಲ್ದಿದ್ರೆ ಮಧ್ಯೆ ಸಮತಟ್ಟು ಬಿಟ್ಟು ತಿರುಗಿಸಿ. ಬಾಗಿಲು 32 ಇಂಚು ತೆರೀಬೇಕು. ಹೊಸ್ತಿಲು ಕೊಯ್ಯೋಕೆ ಮನೆಯಲ್ಲಿ ಯಾರೂ ಒಪ್ಪಲ್ಲ, ಸರಿ ಬಿಡಿ, ಎರಡೂ ಕಡೆ ಮರದ ಇಳಿಜಾರು ತುಂಡು ಇಟ್ರೆ ಲಕ್ಷ್ಮಿಗೂ ಬೇಜಾರಿಲ್ಲ, ಚೇರಿಗೂ ದಾರಿ. ಟಾಯ್ಲೆಟ್ಟಿಗೆ ಕಮೋಡ್ ಚೇರ್, ಮಂಚ ವೀಲ್‌ಚೇರ್ ಸೀಟಿನ ಎತ್ತರಕ್ಕೇ.

ಢಾಕಾ ಹತ್ರ ಸಾವಾರ್‌ನಲ್ಲಿ ಸಿಆರ್‌ಪಿ ಅಂತ ಪುನರ್ವಸತಿ ಕೇಂದ್ರ ಇದೆ, 1979ರಲ್ಲಿ ವ್ಯಾಲರಿ ಟೇಲರ್ ಅನ್ನೋ ಬ್ರಿಟಿಷ್ ಫಿಸಿಯೋಥೆರಪಿಸ್ಟ್ ಶುರು ಮಾಡಿದ್ದು. ಅಲ್ಲಿ ಊರಿಗೆ ಹೋಗೋ ಮುಂಚೆ ಹಾಫ್‌ವೇ ಹಾಸ್ಟೆಲಲ್ಲಿ ಇದ್ದು, ಹಳ್ಳಿ ಮನೇಲಿ ಮಾಡ್ಬೇಕಾದ ಕೆಲಸಗಳನ್ನೇ ಮಾಡಿ ಕಲೀತಾರೆ. ನಮಗೆ ಅಂಥದ್ದು ಹತ್ರ ಸಿಗ್ಲಿಲ್ಲ ಅಂದ್ರೂ ಒಂದು ಭಾನುವಾರ ಇಡೀ ದಿನ ಕೈ ಕಟ್ಕೊಂಡು ಪಕ್ಕದಲ್ಲಿರಿ, ಕೇಳಿದ್ರೆ ಮಾತ್ರ ಹೋಗಿ. ಅಂಗಿ ಹಾಕ್ಕೊಳ್ಳೋಕೆ ಅರ್ಧ ಗಂಟೆ ಹಿಡೀಲಿ. ಎಲ್ಲಿ ಸಿಕ್ಕಿಹಾಕ್ಕೊಳ್ತಾರೋ ಅಲ್ಲೇ ನೀವು ಹಿಡಿಕೆ ಹಾಕಿಸ್ಬೇಕಾಗಿರೋದು.

ದುಡಿಮೆ, ಕಾಗದಪತ್ರ

ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ, ಮೊದ್ಲು ಮಾಡ್ಸಿ, ಪಿಂಚಣಿ, ಬಸ್ ಪಾಸ್, ಎಲ್ಲಕ್ಕೂ ಅದೇ ಬೇಕು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಗೆ ಒಬ್ರು ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲೂಕಿಗೆ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರ್ತಾರೆ, ಅರ್ಜಿ ವಿಷಯ ಅವ್ರನ್ನೇ ಕೇಳಿ, ಪಕ್ಕಚಕ್ರದ ಸ್ಕೂಟರ್ ಕೊಡೋ ಸ್ಕೀಮ್ ಬಗ್ಗೆನೂ. ಕೆಲಸ ಅಂದ್ರೆ ಹೊಲಿಗೆ, ಮೊಬೈಲ್ ರಿಪೇರಿ ಅಂತ ಎಲ್ರೂ ಅದನ್ನೇ ಹೇಳ್ತಾರೆ, ಮೊದ್ಲು ಅವರ ಹಳೇ ಕೆಲಸದಲ್ಲೇ ಹುಡುಕಿ. ಮರ ಹತ್ತೋ ಕೊನೆಗಾರನಿಗೆ ಅಡಿಕೆ ಗ್ರೇಡು ಮಾಡೋದು, ತೂಕ, ಲೆಕ್ಕ ಎಲ್ಲ ಗೊತ್ತಿರತ್ತೆ.

ಚೇರಿನಲ್ಲೇ ಬದುಕು ಕಟ್ಕೊಂಡಿರೋ ಇನ್ನೊಬ್ರ ಜೊತೆ ಒಂದ್ಸಲ ಮಾತಾಡಿಸ್ಲೇಬೇಕು. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲಿನ ಶಕ್ತಿ ಕಳ್ಕೊಂಡ್ಮೇಲೂ ವೀಲ್‌ಚೇರಲ್ಲೇ ಕೂತು ಸರ್ಜರಿ ಮಾಡ್ತಿದ್ರು, ಅಲ್ಲಿನ ಪುನರ್ವಸತಿ ಕೇಂದ್ರಕ್ಕೆ ಅವ್ರದ್ದೇ ಹೆಸರು. ಆದ್ರೆ ಪಕ್ಕದೂರಲ್ಲಿ ಚೇರಲ್ಲೇ ಅಂಗಡಿ ನಡೆಸೋರು ಸಿಕ್ರೆ ಇನ್ನೂ ಒಳ್ಳೇದು, ಬಸ್ಸಲ್ಲಿ ಮೂತ್ರಕ್ಕೆ ಏನ್ ಮಾಡ್ತೀರಿ ಅಂತ ಅವ್ರನ್ನ ನೇರ ಕೇಳ್ಬಹುದು.

ವರ್ಷಕ್ಕೊಂದ್ಸಲ ಕಿಡ್ನಿ ಸ್ಕ್ಯಾನಿಂಗ್ ಮಾಡಿಸ್ಬೇಕು, ಅದರ ಅಪಾಯಿಂಟ್‌ಮೆಂಟನ್ನ ಅವ್ರೇ ಫೋನ್ ಮಾಡಿ ತಗೊಳ್ಳಲಿ.