ಸ್ಟ್ರಾಬೆರಿ ಹಣ್ಣಾಗೂವಾಗ ಒಳಗಿನ ಜೀನ್ ಏನ್ ಮಾಡ್ತಾವ, ಮನ್ಯಾಗ ನೋಡೂದ್ ಹೆಂಗ

ಚಳಿಗಾಲದಾಗ ಬೆಳಗಾವಿ ಪ್ಯಾಟಿಗೆ ಮಹಾಬಳೇಶ್ವರದ ಸ್ಟ್ರಾಬೆರಿ ಬರ್ತಾವಲ್ರಿ, ತಿನ್ನಾಕ ಅವು ಸಾಕು, ಆದ್ರ ಜೀನ್ (ವಂಶವಾಹಿ) ಆಟ ನೋಡ್ಬೇಕಂದ್ರ ಗಿಡಾನ ಬೇಕು. ಬಿಎಸ್ಸಿ ಓದೋ ಹುಡುಗ್ರು ಇದನ್ನ ಮಾಡ್ಲೇಬೇಕು ಅಂತೀನಿ ನಾ. ಅಕ್ಟೋಬರ್-ನವೆಂಬರ್‌ನ್ಯಾಗ ನರ್ಸರಿಯಿಂದ ನಾಕೈದು ಸಸಿ ತಂದು ಕುಂಡದಾಗ ಹಚ್ರಿ, ನಡುವಿನ ಕುಡಿ ಮಣ್ಣಾಗ ಮುಚ್ಚಬಾರ್ದು, ಕೊಳೀತೈತಿ. ಹೂ ಅರಳಿದ್ ದಿನಾನ ದಾರ ಕಟ್ಟಿ ತಾರೀಖು ಬರ್ಕೋರಿ. ಸುಮಾರು ಒಂದ್ ತಿಂಗಳದಾಗ ಹಸಿರು, ಬಿಳಿ, ಅರ್ಧ ಕೆಂಪು, ಪೂರ್ತಿ ಕೆಂಪು ಅಂತ ಬದಲಾಗ್ತದ.

ಹಸಿರು ಕಾಯ್ಯಾಗೂ ಕೆಂಪು ಹಣ್ಣಿನ್ಯಾಗೂ ಡಿಎನ್‌ಎ ಒಂದೇ, ಏಳೇಳು ಕ್ರೋಮೋಸೋಮ್‌ದ 8 ಸೆಟ್, ಒಟ್ಟು 56. ಬದಲಾಗೂದು ಏನಂದ್ರ ಯಾವ ಜೀನಿಂದ ಎಷ್ಟು ಆರ್‌ಎನ್‌ಎ (ಜೀನ್‌ನ ಸೂಚನೆ ಒಯ್ಯೋ ನಕಲು) ಕಾಪಿ ಆಗ್ತೈತಿ ಅನ್ನೂದು, ಅಷ್ಟ.

ಈಗ ಸೂಜಿ ಕೆಲಸ. ಹಣ್ಣಿನ ಮ್ಯಾಲಿನ ಬೀಜದಂಥ ಚುಕ್ಕಿಗಳು ಆಕ್ಸಿನ್ ಅನ್ನೋ ಹಾರ್ಮೋನ್ ಮಾಡ್ತಾವ, ಅದು ಕಾಯಿ ಉಬ್ಬಿಸ್ತೈತಿ, ಜೊತಿಗೆ ಹಣ್ಣಾಗೋ ಜೀನ್‌ಗಳನ್ನ ತಡದ್ ಹಿಡಿತೈತಿ. ಸಣ್ಣ ಹಸಿರು ಕಾಯಿ ಒಂದ್ ಬಾಜೂದ ಚುಕ್ಕಿ ಎಲ್ಲಾ ಕುದಿಸಿದ ಸೂಜಿಯಿಂದ ಮೆಲ್ಲಕ ತಗೀರಿ, ತಿರುಳಿಗೆ ಚುಚ್ಚಿದ್ರ ಬೂಷ್ಟು ಹಿಡಿತೈತಿ. ಚುಕ್ಕಿ ತಗದ ಬಾಜೂ ಬೆಳ್ಯೂದಿಲ್ಲ, ಕಾಯಿ ಸೊಟ್ಟ ಆಗ್ತೈತಿ. 1950ರಾಗ ನಿಚ್ ಅನ್ನೋ ವಿಜ್ಞಾನಿ ಚುಕ್ಕಿ ತಗದ ಕಾಯಿಗೆ ಆಕ್ಸಿನ್ ಹಚ್ಚಿ ಮತ್ತ ಬೆಳ್ಯಂಗ ಮಾಡಿ ತೋರ್ಸಿದ್ರು. ಇನ್ನೊಂದು ಕಾಯಿ ಪೂರ್ತಿ ದೊಡ್ಡದಾಗಿ ಇನ್ನೇನ್ ಬಿಳಿ ಆಗ್ತೈತಿ ಅನ್ನೂವಾಗ ಹಂಗ ಮಾಡಿದ್ರ ಉಲ್ಟಾ, ತಗದ ಬಾಜೂನ ಮೊದ್ಲ ಕೆಂಪಾಗ್ತೈತಿ, ಯಾಕಂದ್ರ ಬ್ರೇಕ್ ಬಿಟ್ಟಂಗ ಆತಲ್ಲ.

ಬಿಳಿ ಹಂತದಾಗ ಆಕ್ಸಿನ್ ಇಳದು ಅಬ್ಸಿಸಿಕ್ ಆಸಿಡ್ ಅನ್ನೋ ಇನ್ನೊಂದು ಹಾರ್ಮೋನ್ ಏರ್ತೈತಿ, ಅದನ್ನ ಮಾಡೋ ಎನ್‌ಸಿಇಡಿ ಜೀನ್ ಜೋರಾಗ್ತೈತಿ. ಮಾವು ಬಾಳಿ ಹಣ್ಣಾಗಾಕ ಎಥಿಲೀನ್ ಹಾರ್ಮೋನ್ ಮುಖ್ಯ, ಇದಕ್ಕ ಅಬ್ಸಿಸಿಕ್ ಆಸಿಡ್. ಆಮ್ಯಾಲ ಎಂವೈಬಿ10 ಅನ್ನೋ ಜೀನ್ ಎದ್ದು ಬಣ್ಣದ ಜೀನ್‌ಗಳನ್ನ ಎಬ್ಬಿಸ್ತೈತಿ, ಪೆಲಾರ್ಗೊನಿಡಿನ್ ಕೆಂಪು ಬರ್ತೈತಿ. ಬೆರಳಿಗೆ ಮೆತ್ತಗ ಹತ್ತಿತಂದ್ರ ಪೆಕ್ಟೇಟ್ ಲಯೇಸ್ ಜೀನ್ ಕೆಲಸಕ್ಕ ಇಳಿದೈತಿ, ಕೋಶಗಳನ್ನ ಅಂಟಿಸಿ ಹಿಡಿಯೋ ಪೆಕ್ಟಿನ್ ಒಡೀತೈತಿ. ಲ್ಯಾಬ್‌ನ್ಯಾಗ ಇದನ್ನ ತಗ್ಗಿಸಿದಾಗ ಹಣ್ಣು ಗಟ್ಟಿ ಉಳಿದಾವ. ವಾಸನಿ ಘಮ್ ಅಂದ್ರ ಎಸ್‌ಎಎಟಿ ಜೀನ್ ಎಸ್ಟರ್ ಅನ್ನೋ ವಾಸನಿ ಪದಾರ್ಥ ಮಾಡಾಕ ಹತ್ತೈತಿ ಅಂತ ತಿಳ್ಕೋರಿ, ಇದನ್ನ 2000ದಾಗ ಮೈಕ್ರೋಅರೇಯಿಂದ (ಭಾಳ ಜೀನ್‌ಗಳ ಕೆಲಸ ಒಮ್ಮೆಲೇ ಅಳಿಯೋ ವಿಧಾನ) ಹುಡುಕಿದ್ರು.

ಬಿಳಿ ಇದ್ದಾಗ ಹರದಿಟ್ರ ಬಣ್ಣ ಬರ್ತೈತಿ ಖರೆ, ಸಿಹಿ ಏರೂದಿಲ್ಲ, ಸಕ್ಕರಿ ಎಲಿಯಿಂದ ಬರ್ಬೇಕಲ್ಲ. ಪ್ಯಾಟ್ಯಾಗ ತಗೋಳ್ಳೂವಾಗೂ ತೊಟ್ಟಿನ ಹತ್ರ ಬೆಳ್ಳಗ ಉಳಿದದ್ದು ಬ್ಯಾಡ್ರಿ.

ಕಾಲೇಜ್‌ನ್ಯಾಗ ಕ್ಯೂಪಿಸಿಆರ್ (ಜೀನ್‌ನ ಆರ್‌ಎನ್‌ಎ ಎಷ್ಟೈತಿ ಅಂತ ಅಳಿಯೋ) ಮಷಿನ್ ಇದ್ರ ನಾಕೂ ಹಂತದ ಹಣ್ಣು ದಿನದ ಒಂದೇ ವ್ಯಾಳ್ಯಾದಾಗ ಹರ್ಕೊಂಡು ತಕ್ಷಣ ಲಿಕ್ವಿಡ್ ನೈಟ್ರೋಜನ್‌ಗೆ ಹಾಕ್ರಿ, ಆರ್‌ಎನ್‌ಎ ಬೇಗ ಕೆಡ್ತೈತಿ ಮತ್ತ ಹರದ್ರಿಂದಾನೂ ಜೀನ್ ಕೆಲಸ ಬದಲಾಗ್ತೈತಿ, ಆಮ್ಯಾಲ -80 ಡಿಗ್ರಿ ಫ್ರೀಜರ್. ಸ್ಟ್ರಾಬೆರಿ ಒಳಗ ಪಾಲಿಫಿನಾಲ್, ಪೆಕ್ಟಿನ್ ಭಾಳ ಇರೂದ್ರಿಂದ ಸಿಟಿಎಬಿ ಅನ್ನೋ ರಾಸಾಯನಿಕ ಬಳಸೋ ವಿಧಾನದಲೆ ಆರ್‌ಎನ್‌ಎ ತಗೀರಿ. ಪ್ರತಿ ಹಂತಕ್ಕ ಕಡಿಮಿ ಅಂದ್ರೂ ಮೂರು ಬ್ಯಾರೆ ಬ್ಯಾರೆ ಗಿಡದ ಹಣ್ಣು ಇರ್ಲಿ, ಒಂದೇ ಹಣ್ಣನ್ನ ಮೂರ್ ಸಲ ಓಡ್ಸಿದ್ರ ಅದು ಲೆಕ್ಕಕ್ಕ ಬರೂದಿಲ್ಲ.