ನೀಲಿ ಡ್ರಮ್ ಉದ್ದಕ್ಕೆ ಸೀಳಿದ್ದು: ನನ್ನ ಅನುಭವ

ಪ್ಲಾಸ್ಟಿಕ್ ಡ್ರಮ್ ಉದ್ದಕ್ಕೆ ಸೀಳಿ ದನಕ್ಕೆ ನೀರಿನ ಬಾನಿ ಮಾಡೋದು ಆಗಲ್ಲ ಅಂದವರೇ ಜಾಸ್ತಿ. ವೆಲ್ಡಿಂಗ್ ಅಂಗಡಿಯವರು ಆಗಲ್ಲ ಅಂದರು. ನಮ್ಮ ಭಾವ ಅಂತೂ "ಸುಮ್ನೆ ಒಂದು ಸಿಮೆಂಟ್ ಬಾನಿ ತಗೊಂಡು ಬಾ, ಡ್ರಮ್ ಹಾಳು ಮಾಡಬೇಡ" ಅಂತ ಎರಡು ಸಲ ಹೇಳಿದರು. ಈಗ ನಮ್ಮ ಕೊಟ್ಟಿಗೆಯಲ್ಲಿ ಆರು ಅರ್ಧ ಡ್ರಮ್ ಸಾಲಾಗಿ ಕೂತಿವೆ, ಹತ್ತಿರ ಹತ್ತಿರ ಒಂದು ವರ್ಷದಿಂದ ದನ ಅದರಲ್ಲೇ ನೀರು ಕುಡಿಯುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಜೀವಾಮೃತ (ಸಗಣಿ, ಗಂಜಲದ ದ್ರವ ಗೊಬ್ಬರ) ಕಲಸೋಕೆ ಇಟ್ಟುಕೊಳ್ಳುತ್ತೇವಲ್ಲ, ಅದೇ 200 ಲೀಟರ್ ನೀಲಿ ಡ್ರಮ್ಮು. ಮುಚ್ಚಳ ತೆಗೆಯೋ ತರದ್ದಲ್ಲ, ತಲೆ ಮೇಲೆ ಎರಡು ಬಿರಡೆ ಇರೋದು. ಅಡ್ಡಕ್ಕೆ ಯಾರಾದರೂ ಕೊಯ್ಯುತ್ತಾರೆ. ಉದ್ದಕ್ಕೆ ಸೀಳೋದೇ ಕಷ್ಟ.

ಮೊದಲು ಆಕ್ಸಾ ಬ್ಲೇಡ್ ಹಿಡಿದೆ. ಅರ್ಧ ದಿನ ಹೋಯಿತು, ಎರಡು ಬ್ಲೇಡ್ ಮುರಿದವು, ಗೀರು ಎರಡು ಇಂಚು ಪಕ್ಕಕ್ಕೆ ಓಡಿತ್ತು. ಆಮೇಲೆ ದಿನಕ್ಕೆ 200 ರೂಪಾಯಿ ಬಾಡಿಗೆಗೆ ನಾಲ್ಕಿಂಚಿನ ಗ್ರೈಂಡರ್ ತಂದೆ. ಅದು ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತೆ, ಪ್ಲಾಸ್ಟಿಕ್ ಕೊಯ್ಯಲ್ಲ, ಕರಗಿಸುತ್ತೆ. ಶಾವಿಗೆ ಎಳೆ ತರ ಬಿಸಿ ಪ್ಲಾಸ್ಟಿಕ್ ಕೈ ಮೇಲೆ ಬಿತ್ತು. ಒಂದಡಿ ಮುಂದೆ ಹೋಗಿ ಹಿಂದೆ ನೋಡಿದರೆ ಕೊಯ್ದ ಜಾಗ ಮತ್ತೆ ಅಂಟಿಕೊಂಡು ಕೂತಿದೆ! ಅಷ್ಟಕ್ಕೇ ಬಿಡಲಿಲ್ಲ, ಗ್ರೈಂಡರಿಗೆ ಮರ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕಿದೆ. ಕಚ್ಚಿಕೊಂಡು ಮಷೀನು ಎದೆ ಕಡೆಗೆ ಹಾರಿತು. ದಯವಿಟ್ಟು ಅದನ್ನು ಮಾತ್ರ ಯಾರೂ ಮಾಡಬೇಡಿ.

ಕುಡುಗೋಲು ಕಾಯಿಸಿಯೂ ನೋಡಿದೆ. ಒಂದು ಗೇಣು ಕೊಯ್ಯೋಕೆ ಮೂರು ಸಲ ಒಲೆಗೆ ಹಾಕಬೇಕು, ಹೊಗೆಗೆ ಸಂಜೆವರೆಗೂ ತಲೆನೋವು. ಇಷ್ಟರಲ್ಲಿ ಎರಡು ಡ್ರಮ್ ಕೆಟ್ಟಿತ್ತು, ಒಂದೊಂದಕ್ಕೂ 800 ಕೊಟ್ಟಿದ್ದು. ಡಿಸ್ಕು, ಬಾಡಿಗೆ ಎಲ್ಲ ಸೇರಿ ಎರಡು ಸಾವಿರದ ಮೇಲೆ ನೀರಿಗೆ ಹಾಕಿದ ಹಾಗಾಯಿತು.

ಕೊನೆಗೆ ಧೈರ್ಯ ಮಾಡಿ ಜಿಗ್ಸಾ (ಬ್ಲೇಡ್ ಮೇಲೆ ಕೆಳಗೆ ಆಡೋ ಕರೆಂಟ್ ಗರಗಸ) ತಗೊಂಡೆ, 2,600 ಇರಬೇಕು. ಅಂಗಡಿಯವರು ಪ್ಲಾಸ್ಟಿಕ್‌ಗೆ ಇದೇ ಸರಿ ಅಂತ ಕಬ್ಬಿಣ ಕೊಯ್ಯೋ ಸಣ್ಣ ಹಲ್ಲಿನ ಬ್ಲೇಡ್ ಕೊಟ್ಟರು. ಮತ್ತೆ ಅದೇ ಕಥೆ, ಹಲ್ಲಿನ ಸಂದಿಗೆಲ್ಲ ಪ್ಲಾಸ್ಟಿಕ್ ಮೆತ್ತಿಕೊಂಡಿತು. ಮಾರನೇ ದಿನ ಮರಕ್ಕೆ ಹಾಕೋ ದೊಡ್ಡ ಹಲ್ಲಿನ ಬ್ಲೇಡ್ ಹಾಕಿ, ಸ್ಪೀಡ್ ಚಕ್ರವನ್ನು 6ರಿಂದ 2ಕ್ಕೆ ಇಳಿಸಿದೆ. ಕೊಬ್ಬರಿ ತುರಿದ ಹಾಗೆ ನೀಲಿ ತುರಿ ಉದುರಿತು, ಕೈಗೆ ತಗೊಂಡರೆ ತಣ್ಣಗಿತ್ತು. ಆವತ್ತಿಂದ ನನ್ನ ಲೆಕ್ಕ ಇಷ್ಟೇ, ತುರಿ ಬರ್ತಿದ್ದರೆ ನಡೀಲಿ, ಎಳೆ ಶುರುವಾದರೆ ನಿಲ್ಲಿಸಿ ಸ್ಪೀಡ್ ಇಳಿಸಬೇಕು.

ಇನ್ನೊಂದು ತೊಂದರೆ ಇತ್ತು. ಅರ್ಧ ಸೀಳಿದ ಮೇಲೆ ಡ್ರಮ್ ತಾನಾಗೇ ಮುಚ್ಚಿಕೊಳ್ಳೋಕೆ ನೋಡುತ್ತೆ, ಬ್ಲೇಡ್ ಸಿಕ್ಕಿಕೊಂಡು ಮುರಿಯುತ್ತೆ. ಹಾಗೆ ಮೂರು ಬ್ಲೇಡ್ ಕಳೆದುಕೊಂಡೆ. ಈಗ ಒಂದಡಿಗೊಂದು ಅಡಿಕೆ ದಬ್ಬೆ ಚೂರು ಸಂದಿಗೆ ಬಡಿಯುತ್ತೇನೆ. ಡ್ರಮ್ ಉರುಳದ ಹಾಗೆ ಎರಡು ಮರಳು ಚೀಲದ ಮಧ್ಯೆ ಮಲಗಿಸುತ್ತೇನೆ, ಎರಡೂ ಕಡೆ ಎರಡೆರಡು ಇಂಚು ಕೊಯ್ಯದೇ ಉಳಿಸಿ, ಅದನ್ನು ಕಟ್ಟಕಡೆಗೆ ಬಿಡಿಸುತ್ತೇನೆ. ಮೇಲೆ ಕೆಳಗೆ ದಪ್ಪ ಬಳೆ ಇದೆಯಲ್ಲ, ಅಲ್ಲಿ ಮಷೀನಿನ ಜೊತೆ ಜಗಳ ಬೇಡ, ಬಡಗಿಗಳ ಕೈಗರಗಸ ಸಾಕು.

ಗೀರು ಎಲ್ಲಿ ಎಳೆಯುತ್ತೀರಿ ಅನ್ನೋದು ಬಹಳ ಮುಖ್ಯ. ಬಿರಡೆಗಳು ಎದುರುಬದುರು ಇರುತ್ತವೆ. ಸೀಳಿದಾಗ ಒಂದೊಂದು ಭಾಗಕ್ಕೆ ಒಂದೊಂದು ಬಿರಡೆ ಬರೋ ಹಾಗೆ ದಾರ ಹೊಡೆಯಿರಿ. ಮಲಗಿಸಿದಾಗ ಬಿರಡೆ ತಳಕ್ಕೆ ಬರುತ್ತೆ, ಬಾನಿ ತೊಳೆದಾಗ ಅದನ್ನು ಬಿಚ್ಚಿದರೆ ಕೊಳೆ ನೀರೆಲ್ಲ ಹೊರಗೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಕಂಡುಕೊಂಡಿದ್ದು, ಅದರ ಖುಷಿ ಇನ್ನೂ ಇದೆ.

ಕೊಯ್ದ ಅಂಚು ಚೂಪಾಗಿರುತ್ತೆ, ದನದ ನಾಲಿಗೆ ಸೀಳುತ್ತೆ. ಕತ್ತಿಯಿಂದ ಹೆರೆದು, ಹಳೇ 16 ಎಂಎಂ ಡ್ರಿಪ್ ಪೈಪ್ ಉದ್ದಕ್ಕೆ ಸೀಳಿ ಅಂಚಿಗೆ ಒತ್ತಿ ಕೂರಿಸಿದೆ. ಖರ್ಚು ಸೊನ್ನೆ.

ಒಂದು ಅರ್ಧದಲ್ಲಿ ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯೋ ದನದ ಮೇವು) ಬೆಳೆಸಿದೆ. ಬೆಳೀತು, ಆದರೆ ಅಷ್ಟು ಚಿಕ್ಕ ಜಾಗದಲ್ಲಿ ದಿನಕ್ಕೆ ಒಂದು ಹಿಡಿ ಸಿಕ್ಕರೆ ಜಾಸ್ತಿ, ಬಿಟ್ಟೆ. ಎರಡು ಅರ್ಧ ಜೋಡಿಸಿ ಉದ್ದ ಬಾನಿ ಮಾಡೋಕೂ ಹೊರಟೆ. ಈ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ನಿಲ್ಲಲ್ಲ, ಎರಡು ಟ್ಯೂಬ್ ಕಲಸಿ ಹಚ್ಚೋ ಅಂಟು ವಾರಕ್ಕೇ ಸಿಪ್ಪೆ ತರ ಎದ್ದು ಬಂತು. ಆಮೇಲೆ ಬೇರೆ ದಾರಿ ಸಿಕ್ಕಿತು, ಒಂದು ಹನಿ ಸೋರಲ್ಲ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬೇಕಾದವರು ಬಂದು ಬಾನಿ ನೋಡಬಹುದು.

ಡ್ರಮ್ ತರುವಾಗ ಒಳಗೆ ಏನಿತ್ತು ಅಂತ ಕೇಳಿ ತನ್ನಿ. ನಮ್ಮ ತುಮಕೂರು ಕಡೆ ಮಿಡಿಸೌತೆ ಫ್ಯಾಕ್ಟರಿಗೆ ವಿನೆಗರ್ ಬಂದಿದ್ದ ಡ್ರಮ್ ಗುಜರಿಯಲ್ಲಿ ಸಿಗುತ್ತೆ, ನಾನು ತರೋದು ಅದನ್ನೇ. ಮೂರು ಸಲ ತೊಳೆದು, ಎರಡೂ ಬಿರಡೆ ತೆಗೆದು ಒಂದು ದಿನ ಬಿಸಿಲಿಗೆ ಇಡುತ್ತೇನೆ. ಪೇಂಟ್ ಥಿನ್ನರ್ ಇದ್ದ ಡ್ರಮ್‌ಗೆ ಮಷೀನು ಇಟ್ಟರೆ ಒಳಗಿನ ಆವಿಗೆ ಕಿಡಿ ತಾಗಿ ಸಿಡಿಯಬಹುದು. ಬೆಳೆಗೆ ಹೊಡೆಯೋ ಔಷಧಿ ಇದ್ದಿದ್ದು ಎಷ್ಟು ತೊಳೆದರೂ ದನಕ್ಕೆ ಬೇಡ.

ಈಗ ಅಕ್ಕಪಕ್ಕದ ಊರಿನವರು ಡ್ರಮ್ ತಂದು ಕೊಯ್ಯಿಸಿಕೊಂಡು ಹೋಗುತ್ತಾರೆ, ಒಂದಕ್ಕೆ 150 ತಗೋತೀನಿ, ಜಿಗ್ಸಾ ದುಡ್ಡು ಯಾವಾಗಲೋ ಹುಟ್ಟಿತು. ಹೋದ ಭಾನುವಾರ ಭಾವನೇ ಟೆಂಪೋದಲ್ಲಿ ಎರಡು ಡ್ರಮ್ ಹಾಕಿಕೊಂಡು ಬಂದರು. ಒಂದರ ಬಿರಡೆ ಬಿಚ್ಚಿ ಮೂಸಿದೆ, ಔಷಧಿ ವಾಸನೆ, ವಾಪಸ್ ಕಳಿಸಿದೆ. ಇನ್ನೊಂದನ್ನು ಅವರ ಎದುರಿಗೇ ಸೀಳಿ ಕೊಟ್ಟೆ. ಅವರೇ ಫೋನಿನಲ್ಲಿ ಟೈಮ್ ಹಿಡಿದಿದ್ದರು, 18 ನಿಮಿಷ.