ಮರೀನಾದಲ್ಲಿ ತಂಗಿದ ದಿನ ಹಾಯಿದೋಣಿಯ ಕೆಲಸ: ಯಾವುದು ಮೊದಲು, ಯಾವುದು ಆಮೇಲೆ

ಹಲವು ದಿನ ಕಡಲಲ್ಲಿ ಸಾಗಿ ಮರೀನಾ, ಅಂದರೆ ಹಾಯಿದೋಣಿಗಳು ತಂಗುವ ಪುಟ್ಟ ಬಂದರು, ಸೇರಿದ ಮರುದಿನ ಇರುವುದು ವಿಶ್ರಾಂತಿಗೇ. ಆದರೆ ಅಲುಗದ ದೋಣಿ, ಕೈಗೆಟುಕುವ ನಲ್ಲಿ, ದಡದ ಕರೆಂಟು ಮೂರೂ ಒಟ್ಟಿಗೆ ಸಿಗುವುದು ಅವತ್ತೇ. ಹಾಗಾಗಿ ತಮ್ಮಷ್ಟಕ್ಕೆ ತಾವೇ ನಡೆಯುವ ಕೆಲಸಗಳನ್ನು, ಅಂದರೆ ಚಾರ್ಜ್ ಆಗುವುದು, ನೆನೆಯುವುದು, ಒಣಗುವುದು ಇವನ್ನೆಲ್ಲ ಬೆಳಿಗ್ಗೆಯೇ ಶುರು ಮಾಡಿಬಿಡಿ. ಬಿಚ್ಚಿ ಜೋಡಿಸಬೇಕಾದ ದೊಡ್ಡ ಕೆಲಸ ದಿನಕ್ಕೆ ಒಂದೇ ಸಾಕು, ಅದೂ ಮಧ್ಯಾಹ್ನದೊಳಗೆ. ಗ್ಯಾಸ್ಕೆಟ್ (ಮುಚ್ಚಳದಡಿ ಸೋರದಂತೆ ಕೂರಿಸುವ ತೆಳು ಹಾಳೆ) ಹರಿದದ್ದು ಅಂಗಡಿ ಬಾಗಿಲು ಹಾಕಿದ ಮೇಲೆ ಗೊತ್ತಾದರೆ ಮರುದಿನದ ಪ್ರಯಾಣವೂ ಹೋಯಿತು.

ದಡದ ಕರೆಂಟು ಜೋಡಿಸುವ ಮುನ್ನ ಬ್ಯಾಟರಿ ಅಳೆಯಿರಿ. ಕೆಲವು ಗಂಟೆ ಚಾರ್ಜೂ ಇಲ್ಲದೆ ಲೋಡೂ ಇಲ್ಲದೆ ಸುಮ್ಮನಿದ್ದ 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ 12.7 ತೋರಿಸಿದರೆ ತುಂಬಿದೆ ಎಂದರ್ಥ, 12.2 ಇದ್ದರೆ ಸುಮಾರು ಅರ್ಧ ಖಾಲಿ. ಚಾರ್ಜರ್ ಹಾಕಿದ ಮೇಲೆ ಅಳೆದ ಅಂಕಿಯನ್ನು ನಂಬಬೇಡಿ. ಕೇಬಲ್ ಜೋಡಿಸುವಾಗ ದೋಣಿಯ ಮೇನ್ ಸ್ವಿಚ್ ಆರಿಸಿ, ಮೊದಲು ದೋಣಿಯ ಕಡೆ ಪ್ಲಗ್ ಹಾಕಿ, ಆಮೇಲೆ ಪಾಂಟೂನ್ ಕಡೆ, ಅಂದರೆ ದೋಣಿ ಕಟ್ಟಿದ ತೇಲುಕಟ್ಟೆಯ ಕಡೆ. ತೆಗೆಯುವಾಗ ಮೊದಲು ಪಾಂಟೂನ್ ಕಡೆಯದು. ಈ ಕ್ರಮ ತಪ್ಪಿದರೆ ಕೈಜಾರಿ ನೀರಿಗೆ ಬೀಳುವ ತುದಿಯಲ್ಲಿ ಕರೆಂಟು ಹರಿಯುತ್ತಿರುತ್ತದೆ. ಪ್ಲಗ್ಗಿನ ಪಿನ್ನುಗಳ ಸುತ್ತ ಕಂದು ಬಣ್ಣ ಕಂಡರೆ ಹಿಡಿತ ಸಡಿಲವಾಗಿ ಅಲ್ಲಿ ಬಿಸಿಯಾಗಿದೆ. ಆ ಪ್ಲಗ್ ಬದಲಿಸಿಯೇ ಬಳಸಿ. ಮುಚ್ಚಳ ತೆರೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುವುದು ಚಾರ್ಜ್ ಮುಗಿದ ಮೇಲೆ, ಏಕೆಂದರೆ ಚಾರ್ಜ್ ಆಗುವಾಗ ದ್ರಾವಣ ಉಬ್ಬಿ ಹೊರಚೆಲ್ಲುತ್ತದೆ. ಪ್ಲೇಟುಗಳು ತೆರೆದುಕೊಂಡಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಿ.

ಕುಡಿಯುವ ನೀರಿನ ಟ್ಯಾಂಕ್ ವಾಸನೆ ಬರುತ್ತಿದ್ದರೆ ಅದನ್ನೂ ಬೆಳಿಗ್ಗೆಯೇ ನೆನೆಹಾಕಿ. ದಿನದ ಬಳಕೆಗೆ ಬೇಕಾದ ನೀರನ್ನು ಮೊದಲು ಬೇರೆ ಕ್ಯಾನಿನಲ್ಲಿ ತೆಗೆದಿಡಿ. ಸುವಾಸನೆ ಬೆರೆಸದ, 5 ಪ್ರತಿಶತದ ಸಾದಾ ಬ್ಲೀಚ್ ಆದರೆ ಲೀಟರಿಗೆ 1 ಮಿಲಿಲೀಟರ್, ಅಂದರೆ 200 ಲೀಟರಿನ ಟ್ಯಾಂಕಿಗೆ 200 ಮಿಲಿಲೀಟರ್. ಟ್ಯಾಂಕ್ ತುಂಬಿಸಿ, ಒಂದೊಂದೇ ನಲ್ಲಿ ತಿರುಗಿಸಿ ಬ್ಲೀಚ್ ವಾಸನೆ ಬರುವ ತನಕ ಬಿಡಿ, ನಾಲ್ಕು ಗಂಟೆ ಹಾಗೇ ಇರಲಿ. ಆಮೇಲೆ ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವವರೆಗೆ ತೊಳೆಯಿರಿ. ಅಲ್ಯುಮಿನಿಯಂ ಟ್ಯಾಂಕಿಗೆ ಈ ಪ್ರಮಾಣ ಬೇಡ, ಕ್ಲೋರಿನ್ ಅದನ್ನು ತಿನ್ನುತ್ತದೆ. ಪೈಪ್ ಕುಡಿಯುವ ನೀರಿಗೆಂದೇ ಮಾಡಿದ್ದಾಗಿರಲಿ. ಬಿಸಿಲಿಗೆ ಬಿದ್ದಿದ್ದ ಪೈಪಿನ ಮೊದಲ ನೀರನ್ನು ಒಂದು ನಿಮಿಷ ಹೊರಗೆ ಹೋಗಲು ಬಿಡಿ. ಡೆಕ್ಕಿನ ಮುಚ್ಚಳ ತಿರುಗಿಸುವ ಮುನ್ನ ಅದರ ಮೇಲಿನ ಅಕ್ಷರ ಬಾಯಿಬಿಟ್ಟು ಓದಿ. ಡೀಸೆಲ್ ಟ್ಯಾಂಕಿಗೆ ನೀರು ತುಂಬುವ ತಪ್ಪು ಅನುಭವಸ್ಥರಿಂದಲೂ ಆಗುತ್ತದೆ.

ಇನ್ನು ಎಂಜಿನ್. ಒಂದೇ ಕೆಲಸಕ್ಕೆ ಸಮಯವಿದ್ದರೆ ಎಂಜಿನ್ ತಣಿಸುವ ಕಡಲನೀರಿನ ಪಂಪಿನ ಇಂಪೆಲರ್ ನೋಡಿ. ಆ ಪುಟ್ಟ ರಬ್ಬರ್ ಚಕ್ರ ಕೈಕೊಟ್ಟರೆ ಎಂಜಿನ್ ಕುದಿಯುವುದು ಬಹುಬೇಗ, ಅದೂ ಸಾಮಾನ್ಯವಾಗಿ ಬಂದರಿನ ಬಾಯಲ್ಲೇ. ಸೀಕಾಕ್ (ಕಡಲನೀರು ದೋಣಿಯೊಳಗೆ ಬರುವ ಕಡೆಯ ಕವಾಟ) ಮುಚ್ಚಿ, ಎಂಜಿನ್ ಕೀಲಿಯನ್ನು ಅದರ ಹಿಡಿಗೇ ತೂಗುಹಾಕಿ. ಆಗ ಅದನ್ನು ತೆರೆಯದೆ ಸ್ಟಾರ್ಟ್ ಮಾಡುವ ಮರೆವು ಬರುವುದಿಲ್ಲ. ಪಂಪಿನ ಕೆಳಗೆ ಬಟ್ಟೆ ಹಾಸಿ, ಇಲ್ಲದಿದ್ದರೆ ಸ್ಕ್ರೂ ಬಿಲ್ಜ್, ಅಂದರೆ ದೋಣಿಯ ತಳದ ಗುಂಡಿ, ಸೇರುತ್ತದೆ. ಮುಚ್ಚಳ ತೆಗೆದೊಡನೆ ರೆಕ್ಕೆಗಳು ಯಾವ ಕಡೆ ಬಾಗಿವೆ ಎಂದು ಫೋಟೋ ತೆಗೆದುಕೊಳ್ಳಿ. ಇಂಪೆಲರನ್ನು ಎರಡು ಸ್ಕ್ರೂಡ್ರೈವರ್ ಒತ್ತಿ ಮೀಟಿ ಎಬ್ಬಿಸಬೇಡಿ: ಮುಚ್ಚಳ ಕೂರುವ ಅಂಚಿಗೆ ಗೀರು ಬಿದ್ದರೆ ಅಲ್ಲಿಂದ ಗಾಳಿ ಎಳೆದು ಪಂಪ್ ನೀರೇ ಎತ್ತುವುದಿಲ್ಲ. ಅದನ್ನು ಎಳೆದು ತೆಗೆಯುವ ಉಪಕರಣವಾದ ಪುಲ್ಲರ್ ಇಲ್ಲದಿದ್ದರೆ ಇಕ್ಕಳದಿಂದ ನಡುಭಾಗ ಹಿಡಿದು ನೇರವಾಗಿ ಎಳೆಯಿರಿ.

ಹೊರಬಂದ ಇಂಪೆಲರಿನ ಒಂದೊಂದು ರೆಕ್ಕೆಯನ್ನೂ ಹೆಬ್ಬೆರಳಿನಿಂದ ಬಗ್ಗಿಸಿ ನೋಡಿ. ಬಿರುಕು ಬಿಡುವುದು ತುದಿಯಲ್ಲಲ್ಲ, ಬುಡದಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆಯಾಗಿ. ಒಂದು ತುಂಡು ಕಾಣೆಯಾಗಿದ್ದರೆ ಹುಡುಕಲೇಬೇಕು. ಅದು ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರಿನ (ಕಡಲನೀರಿನಿಂದ ಎಂಜಿನ್ನಿನ ಬಿಸಿ ಇಳಿಸುವ ಭಾಗ) ಬಾಯಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆಯದೆ ಹೊಸ ಇಂಪೆಲರ್ ಹಾಕಿದರೂ ಎಂಜಿನ್ ಬಿಸಿಯಾಗುವುದು ನಿಲ್ಲುವುದಿಲ್ಲ. ಹೊಸದಕ್ಕೆ ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ದ್ರಾವಣ ಸವರಿ, ಗ್ರೀಸ್ ಬೇಡ. ಪಂಪ್ ತಿರುಗುವ ದಿಕ್ಕಿಗೇ ತಿರುಚುತ್ತ ಒಳಗೆ ಕೂರಿಸಿ. ಗ್ಯಾಸ್ಕೆಟ್ ಎಂಜಿನ್ ತಯಾರಕರು ಹೇಳಿದ ದಪ್ಪದ್ದೇ ಇರಲಿ, ಏಕೆಂದರೆ ದಪ್ಪ ಹೆಚ್ಚಾದರೆ ಸಂದಿ ಉಳಿದು ಪಂಪ್ ಎಳೆಯುವ ಬಲ ಕುಗ್ಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಹಿತ್ತಾಳೆಯಲ್ಲಿ ಕೊರೆದ ಸ್ಕ್ರೂ ಸುರುಳಿ ಹೆಚ್ಚು ಬಲ ತಡೆಯುವುದಿಲ್ಲ. ಸೀಕಾಕ್ ತೆರೆದು ಸ್ಟಾರ್ಟ್ ಮಾಡಿ ಎಕ್ಸಾಸ್ಟ್ ನೋಡಿ. ಅರ್ಧ ನಿಮಿಷದಲ್ಲಿ ನೀರು ಉಗುಳದಿದ್ದರೆ ಕೂಡಲೇ ಆರಿಸಿ. ಬಹಳ ಸಲ ಕಾರಣ ಸ್ಟ್ರೇನರಿನ (ಒಳಬರುವ ಕಡಲನೀರು ಸೋಸುವ ಡಬ್ಬಿಯ) ಗಾಳಿ: ಅದಕ್ಕೆ ನೀರು ತುಂಬಿ, ಮುಚ್ಚಳ ಗಾಳಿಯಾಡದಂತೆ ಮುಚ್ಚಿ ಇನ್ನೊಮ್ಮೆ ನೋಡಿ.

ಎಂಜಿನ್ ಕೋಣೆ ತೆರೆದಿರುವಾಗಲೇ ಡೀಸೆಲ್ ಫಿಲ್ಟರಿನ ತಳದಿಂದ ಗಾಜಿನ ಸೀಸೆಗೆ ಸ್ವಲ್ಪ ಬಸಿದುಕೊಳ್ಳಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಎರಡರ ನಡುವೆ ಕಪ್ಪು ಲೋಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ. ಬಿಡಿ ಫಿಲ್ಟರುಗಳು ಸಾಕಷ್ಟಿಲ್ಲದೆ ಹೊರಡಬೇಡಿ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಕೆಳಗೆ ಕಪ್ಪು ಪುಡಿ ಉದುರಿದ್ದರೆ ಬೆಲ್ಟ್ ಜಾರುತ್ತಿದೆ.

ಊಟದ ನಂತರ ಹಗುರ ಕೆಲಸ. ಹಾಯಿಹಗ್ಗ ಸುತ್ತಿ ಎಳೆಯುವ ವಿಂಚ್ ಬಿಚ್ಚುವುದಾದರೆ ರಟ್ಟಿನ ಪೆಟ್ಟಿಗೆಯ ತಳಕ್ಕೆ ವಿಂಚಿನ ಅಳತೆಯ ತೂತು ಕೊರೆದು ಅದರ ಸುತ್ತ ಇಳಿಸಿ. ಸಿಡಿಯುವ ಸ್ಪ್ರಿಂಗ್ ಆಗ ನೀರಿಗಲ್ಲ, ಪೆಟ್ಟಿಗೆಗೆ ಬೀಳುತ್ತದೆ. ಬೇರಿಂಗಿಗೆ ತೆಳುವಾಗಿ ಗ್ರೀಸ್, ಪಾಲ್‌ಗಳಿಗೆ, ಅಂದರೆ ವಿಂಚ್ ಹಿಂದಕ್ಕೆ ತಿರುಗದಂತೆ ಹಲ್ಲಿಗೆ ಕಚ್ಚುವ ಪುಟ್ಟ ಕೊಕ್ಕೆಗಳಿಗೆ, ಎಣ್ಣೆ ಮಾತ್ರ. ಗ್ರೀಸ್ ಅಂಟಿದ ಪಾಲ್ ಹಲ್ಲಿಗೆ ಕಚ್ಚದೆ ಹೋದರೆ ಹ್ಯಾಂಡಲ್ ಹಿಂದಕ್ಕೆ ಗಿರ್ರನೆ ತಿರುಗಿ ಮುಂಗೈ ಮುರಿಯಬಲ್ಲದು. ಕೂವೆಕಂಬದ ತಂತಿಗಳ ಕೆಳತುದಿಯನ್ನು ಟಿಶ್ಯೂ ಕಾಗದದಿಂದ ಸವರಿ. ಕಾಗದ ಸಿಕ್ಕಿಕೊಂಡ ಕಡೆ ಎಳೆ ಮುರಿದಿದೆ, ಆ ತಂತಿಯ ಮೇಲೆ ಭಾರ ಬಿಡುವಂತಿಲ್ಲ.

ಬಿಲ್ಜ್ ಕೊನೆಗೆ. ನೀರಿದ್ದರೆ ಒಂದು ಹನಿ ನಾಲಗೆಗೆ ತಾಗಿಸಿ: ಉಪ್ಪಾದರೆ ಹೊರಗಿನದು, ಸಪ್ಪೆಯಾದರೆ ನಿಮ್ಮ ಟ್ಯಾಂಕಿನದು ಅಥವಾ ಮಳೆಯದು. ಎಣ್ಣೆ ತೇಲುತ್ತಿದ್ದರೆ ರುಚಿ ನೋಡಬೇಡಿ, ಪಂಪಿನಿಂದ ಮರೀನಾಕ್ಕೆ ಹೊರಹಾಕಲೂ ಬೇಡಿ, ಹೀರುಹಾಸಿನಿಂದ ಎತ್ತಿ. ನೀರು ಏರಿದಾಗ ಪಂಪ್ ಶುರು ಮಾಡುವ ಫ್ಲೋಟ್ ಸ್ವಿಚ್ ಕೈಯಿಂದ ಎತ್ತಿ ಪಂಪ್ ಓಡುವುದನ್ನು ಕೇಳಿ, ಜಾಲರಿಗೆ ಸುತ್ತಿದ ಕೂದಲು ಬಿಡಿಸಿ, ತಳ ಒರೆಸಿ ಒಣಗಿಸಿ. ಮಲಗುವ ಮುನ್ನ ಇಂಪೆಲರ್ ಪಂಪಿನ ಕೆಳಗೆ ಒಣ ಟಿಶ್ಯೂ ಒಂದನ್ನು ಹಾಸಿಡಿ. ಬೆಳಿಗ್ಗೆ ಅದು ಒದ್ದೆಯಾಗಿದ್ದರೆ ಹಗ್ಗ ಬಿಚ್ಚುವ ಮುನ್ನ ಮುಚ್ಚಳವನ್ನು ಇನ್ನೊಮ್ಮೆ ತೆರೆದು ಗ್ಯಾಸ್ಕೆಟ್ ನೋಡಿ.